ಹನ್ನೊಂದನೇ ವರ್ಷದ ರಿವ್ಯೂ

ಲ್ಯಾಪ್‌ಟಾಪ್ ರಿವ್ಯೂ ಮಾಡೋರೆಲ್ಲ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡ್ತಾರೆ. ಡಬ್ಬಿ ಬಿಚ್ತಾರೆ, ಪ್ಲಾಸ್ಟಿಕ್ ಹಾಳೆ ಸಿಪ್ಪೆ ಸುಲಿದ ಹಾಗೆ ಸುಲೀತಾರೆ, ಒಂದು ವಾರ ಬಳಸ್ತಾರೆ, ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟು ಮುಂದಿನ ಡಬ್ಬಿಗೆ ಹೋಗ್ತಾರೆ. ಮದುವೆಯಾದ ಎಂಟನೇ ದಿನ ಹೋಗಿ ಸಂಸಾರ ಹೇಗಿದೆ ಅಂತ ಕೇಳಿದ ಹಾಗೆ. ಚೆನ್ನಾಗೇ ಇರುತ್ತೆ ಬಿಡಿ.

ಹನ್ನೊಂದನೇ ವರ್ಷದ ರಿವ್ಯೂ ಬರೆಯೋರು ಯಾರೂ ಇಲ್ಲ. ಈ ದೀಪಾವಳಿಗೆ ಅಕ್ಕನ ಊರು ಕೊಳಗಲ್ಲಿಗೆ ಹೋಗಿದ್ದಾಗ ನನ್ನದೇ ಹಳೇ ಲ್ಯಾಪ್‌ಟಾಪ್ ಎದುರಿಗೆ ಕೂತು, ಆ ಕೆಲಸ ನಾನೇ ಮಾಡೋಣ ಅನ್ನಿಸಿತು.

2014ರಲ್ಲಿ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದಾಗ ಕೊಂಡ ಯಂತ್ರ ಅದು. ಹದಿನೈದೂವರೆ ಇಂಚಿನ ಪರದೆ, ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, ನಾಲ್ಕು ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. 2021ರಲ್ಲಿ, ಕಾಲೇಜುಗಳೆಲ್ಲ ಮೊಬೈಲ್ ಒಳಗೆ ಹೊಕ್ಕಿದ್ದ ಕಾಲದಲ್ಲಿ, ಅದನ್ನ ಅಕ್ಕನ ಮಗಳಿಗೆ ಕೊಟ್ಟೆ. ಆಗ ಅವಳು ಪಿಯುಸಿ ಮೊದಲ ವರ್ಷ, ಈಗ ಬಿ.ಕಾಂ ಕೊನೇ ವರ್ಷ. ದಿನಾ ಬೆಳಿಗ್ಗೆ ಬಳ್ಳಾರಿಗೆ ಬಸ್ಸಲ್ಲಿ ಹೋಗಿ ಬರ್ತಾಳೆ. ಕೊಟ್ಟ ದಿನ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ ಇತ್ತು. ‘ಮಾಮ ಲ್ಯಾಪ್‌ಟಾಪ್ ಕೊಟ್ಟ’ ಅಂತ ಅಕ್ಕ ಓಣಿಗೆಲ್ಲ ಹೇಳಿದ್ದಳು.

ಹೊಸದಾಗಿ ಕೊಂಡಾಗ ಏನಿತ್ತು ಅನ್ನೋದು ಈಗ ಯಾರಿಗೂ ಬೇಕಿಲ್ಲ. ಅದರ ಮೇಲೆ ಬಿದ್ದಿರೋ ರಿಪೇರಿಗಳನ್ನೇ ಒಂದೊಂದಾಗಿ ನೋಡ್ತೀನಿ. ಹಳೇ ಯಂತ್ರದ ಗುಣ ಗೊತ್ತಾಗೋದು ಅಲ್ಲೇ.

ಮೊದಲು ಹಿಂಜ್, ಅಂದ್ರೆ ಮುಚ್ಚಳದ ಕೀಲು. ಇದು ಮುರಿದದ್ದು ನನ್ನ ಕಾಲದಲ್ಲೇ, ಬೆಂಗಳೂರಲ್ಲಿ. ಈ ಕೀಲು ಉಕ್ಕಿನದು, ಅದೇನೂ ಮುರಿಯಲ್ಲ. ಅದರ ಸ್ಕ್ರೂಗಳು ಹೋಗಿ ಕೂರೋದು ಪ್ಲಾಸ್ಟಿಕ್ ಒಳಗೆ ಒತ್ತಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಲ್ಲಿ. ವರ್ಷ ಕಳೆದ ಹಾಗೆ ಕೀಲು ಬಿಗಿಯಾಗ್ತಾ ಹೋಗುತ್ತೆ, ನಾವು ಮುಚ್ಚಳವನ್ನ ಒಂದು ಮೂಲೆ ಹಿಡಿದು ಎತ್ತುತ್ತೀವಿ, ಆ ಜೋರೆಲ್ಲ ಪ್ಲಾಸ್ಟಿಕ್ ಮೇಲೆ ಬೀಳುತ್ತೆ. ಒಂದು ದಿನ ಟಪ್ ಅಂತ ನಟ್ಟು ಸಮೇತ ಕಿತ್ತು ಬರುತ್ತೆ. ನಾನು ಮಾಡಿದ್ದು ಎಲ್ಲರೂ ಮಾಡೋದೇ, ಫೆವಿಕ್ವಿಕ್. ಹನಿ ಬಿಟ್ಟೆ, ಒತ್ತಿ ಹಿಡಿದೆ, ಬೆರಳೂ ಅಂಟಿಸಿಕೊಂಡೆ. ಇಪ್ಪತ್ತು ದಿನ ನಿಂತಿತು. ಆ ಅಂಟು ಗಟ್ಟಿ ಆದರೂ ಗಾಜಿನ ಹಾಗೆ ಪೆಡಸು. ದಿನಾ ಬಾಗೋ ಜಾಗದಲ್ಲಿ ನಿಲ್ಲಲ್ಲ. ಜೊತೆಗೆ ಅದರ ಹೊಗೆ ಪರದೆಯ ಅಂಚಿಗೆ ಬಡಿದು ಬಿಳೀ ಮಚ್ಚೆ ಬಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಅಂಟು ನಟ್ಟಿನ ಒಳಕ್ಕೆ ಇಳಿದು ಹಳೇ ಸ್ಕ್ರೂ ಇನ್ಯಾವತ್ತೂ ಬರದ ಹಾಗೆ ಕೂತುಬಿಟ್ಟಿತು. ನಾನು ರಿಪೇರಿ ಮಾಡಿದ್ದಲ್ಲ, ಮುಂದೆ ಯಾರೂ ರಿಪೇರಿ ಮಾಡದ ಹಾಗೆ ಮಾಡಿದ್ದು.

ಅದೇ ಸ್ಥಿತಿಯಲ್ಲಿ, ಮುಚ್ಚಳ ಓಲಾಡ್ತಾ ಇದ್ದಾಗಲೇ, ಅದನ್ನ ಊರಿಗೆ ಕೊಟ್ಟೆ. ‘ಸ್ವಲ್ಪ ಹುಷಾರಾಗಿ ತೆಗೀಬೇಕು ಅಷ್ಟೆ’ ಅಂತ ಹೇಳಿ ಕೊಟ್ಟೆ.

ಭಾವ ಬಳ್ಳಾರಿಯ ಒಂದು ಜೀನ್ಸ್ ಹೊಲಿಯೋ ಯುನಿಟ್‌ನಲ್ಲಿ ಟೈಲರ್. ಬಳ್ಳಾರಿ ಜೀನ್ಸ್ ಅಂದ್ರೆ ನಿಮಗೂ ಗೊತ್ತಿರಬೇಕು, ನಿಮ್ಮ ಕಪಾಟಿನಲ್ಲೂ ಒಂದು ಇರಬಹುದು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಓಲಾಡೋ ಮುಚ್ಚಳ ನೋಡಿ ಒಂದೇ ಮಾತು ಹೇಳಿದರಂತೆ: “ಜೋರು ಬೀಳೋ ಜಾಗಕ್ಕೆ ಅಂಟು ಹಚ್ಚಿದ್ರೆ ಹೆಂಗ? ರಿವೆಟ್ ಹೊಡೀಬೇಕು.” ಜೀನ್ಸಿನ ಜೇಬಿನ ಮೂಲೆಯ ತಾಮ್ರದ ಗುಂಡಿ ಹುಟ್ಟಿದ್ದೇ ಹಾಗೆ. ಜೇಕಬ್ ಡೇವಿಸ್ ಅನ್ನೋ ಟೈಲರ್, ಕೂಲಿಯವರ ಪ್ಯಾಂಟು ಪದೇಪದೇ ಹರಿಯೋ ಮೂಲೆಗಳಿಗೆ ರಿವೆಟ್ ಹೊಡೆದ. 1873ರಲ್ಲಿ ಲೆವಿ ಸ್ಟ್ರಾಸ್ ಜೊತೆ ಸೇರಿ ಅದಕ್ಕೆ ಪೇಟೆಂಟ್ ತಗೊಂಡ. ಭಾವ ಆ ಕತೆ ಓದಿದವರಲ್ಲ, ಅವರ ಕೈಗೆ ಗೊತ್ತು. ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಸಣ್ಣ ಬೋಲ್ಟು, ಅಗಲವಾದ ವಾಷರ್ ತಂದು, ಪರದೆಯ ಫ್ರೇಮ್ ಬಿಚ್ಚಿ, ಒಳಗಿನ ತಂತಿ ಎಲ್ಲಿ ಹೋಗುತ್ತೆ ಅಂತ ಮಗಳ ಕೈಲಿ ತೋರಿಸಿಕೊಂಡು, ಮುಚ್ಚಳದ ಬೆನ್ನಿಗೇ ತೂತು ಕೊರೆದು ಆಚೆಯಿಂದ ಬೋಲ್ಟ್ ಹಾಕಿ ಬಿಗಿದರು. ನಾಲ್ಕು ವರ್ಷ ಆಯ್ತು, ಜಗ್ಗಿಲ್ಲ. ಬೇಕಾದಾಗ ಬಿಚ್ಚಬಹುದು, ಮತ್ತೆ ಹಾಕಬಹುದು. ನೋಡೋಕೆ ಮಾತ್ರ ಲಾರಿಯ ಹಿಂಬಾಗಿಲ ಹಾಗಿದೆ.

ಎರಡನೇದು ಕೀಬೋರ್ಡ್. ಎರಡು ವರ್ಷದ ಹಿಂದೆ ಫೋನ್ ಮಾಡಿದ್ದಳು. “ಮಾಮ, ಎಫ್ ಕೀ ಹೋಗೈತೆ, ಒತ್ತಕ್ಷರ ಬರಂಗಿಲ್ಲ.” ನುಡಿಯಲ್ಲಿ, ಅಂದ್ರೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಒತ್ತು ಕೊಡೋಕೆ ನಡುವೆ ‘ಎಫ್’ ಒತ್ತಬೇಕು. ಆ ಒಂದು ಕೀಲಿ ಸತ್ತರೆ ಅಪ್ಪ ‘ಅಪಪ’ ಆಗ್ತಾರೆ, ಬಳ್ಳಾರಿ ‘ಬಳಳಾರಿ’ ಆಗುತ್ತೆ, ಕೊಳಗಲ್ಲು ‘ಕೊಳಗಲಲು’. ಕನ್ನಡ ಅಸೈನ್‌ಮೆಂಟ್ ಕೊಡೋಕೆ ಎರಡೇ ದಿನ ಇತ್ತು. ಇಂಗ್ಲಿಷಲ್ಲಿ ಎಫ್ ಇಲ್ಲದೆ ಹೋದರೆ ಆ ಅಕ್ಷರ ಇರೋ ಪದಗಳಷ್ಟೇ ಕೆಡ್ತವೆ. ಕನ್ನಡದಲ್ಲಿ ಒತ್ತು ಇಲ್ಲದ ಸಾಲೇ ಸಿಗೋದು ಕಷ್ಟ. ಆಗ ಅವಳು ಒತ್ತಕ್ಷರಗಳನ್ನೆಲ್ಲ ಬೇರೆ ಫೈಲಿಂದ ಕಾಪಿ ಮಾಡಿ ತಂದು ತಂದು ಅಂಟಿಸಿ ಎಂಟು ಪುಟ ಮುಗಿಸಿದಳಂತೆ. ಆಮೇಲೆ ಯಾರನ್ನೋ ಕೇಳಿ, ಹುಡುಕಿ, ಬಳಸದೇ ಬಿದ್ದಿದ್ದ ಕ್ಯಾಪ್ಸ್‌ಲಾಕ್ ಕೀಲಿಗೆ ಎಫ್ ಕೆಲಸ ವಹಿಸಿಬಿಟ್ಟಳು. ಒಂದು ಪೈಸೆ ಖರ್ಚಿಲ್ಲ. ಬೇಡ ಅಂದ್ರೆ ಒಂದು ನಿಮಿಷದಲ್ಲಿ ಮೊದಲಿನ ಹಾಗೆ ಮಾಡಬಹುದು. ಈ ಯಂತ್ರಕ್ಕೆ ಆದ ರಿಪೇರಿಗಳಲ್ಲಿ ಅತ್ಯುತ್ತಮ ಇದು. ನನಗೆ ಹೊಳೆದಿರಲಿಲ್ಲ. ನಾನು ಸಾಫ್ಟ್‌ವೇರ್ ಇಂಜಿನಿಯರ್.

ಮೂರನೇದು ಬಿಸಿ. ಬಳ್ಳಾರಿಯ ಏಪ್ರಿಲ್, ಮೇ ಬಗ್ಗೆ ಹೇಳೋದೇನಿದೆ. ನಲವತ್ತು ಡಿಗ್ರಿ ದಾಟೋದು ಮಾಮೂಲು, ಮೇಲೆ ಕೆಂಪು ಧೂಳು. ಲ್ಯಾಪ್‌ಟಾಪ್ ತಣ್ಣಗಾಗೋದು ಕೆಳಗಿನಿಂದ ಗಾಳಿ ಎಳೆದುಕೊಂಡು. ಹಾಸಿಗೆ ಮೇಲಿಟ್ಟರೆ ಆ ಬಾಯಿ ಮುಚ್ಚುತ್ತೆ. ಅಕ್ಕ ನಾಲ್ಕು ನೀರಿನ ಬಾಟಲಿ ಮುಚ್ಚಳ ತಂದು ನಾಲ್ಕು ಮೂಲೆಗೆ ಇಟ್ಟಳು, ಆಯ್ತು ಕೂಲಿಂಗ್ ಪ್ಯಾಡ್. ಇದರ ಬಗ್ಗೆ ಆಕ್ಷೇಪಣೆ ಇಲ್ಲ. ಒಳಗಿನ ಫ್ಯಾನಿನಲ್ಲಿ ಕಟ್ಟಿದ್ದ ಧೂಳು ಮಾತ್ರ ಬಾಟಲಿ ಮುಚ್ಚಳಕ್ಕೆ ಬಗ್ಗೋದಲ್ಲ, ಅದನ್ನ ಈ ಸಲ ಬಿಚ್ಚಿ ಬ್ರಷ್ಷಲ್ಲಿ ತೆಗೆದೆ. ಕಂಬಳಿಯಂಥದ್ದೊಂದು ಪದರ ಬಂತು.

ಈಗ ನಾಲ್ಕನೇದು. ಇದನ್ನ ಬರೆಯೋಕೆ ಕೈ ಹಿಂದೆಮುಂದೆ ನೋಡ್ತಿದೆ.

ಚಾರ್ಜರ್ ಪಿನ್ ಹೋಗಿ ಕೂರೋ ತೂತು, ಡಿಸಿ ಜ್ಯಾಕ್, ಸಡಿಲ ಆಗಿತ್ತು. ಅದೂ ನನ್ನ ಕಾಲದ್ದೇ. ವೈರನ್ನ ಒಂದು ಕೋನದಲ್ಲಿ ಬಗ್ಗಿಸಿ ಹಿಡಿದರೆ ಮಾತ್ರ ದೀಪ ಹತ್ತೋದು. ನಾನು ಅದಕ್ಕೊಂದು ಉಪಾಯ ಕಂಡುಹಿಡಿದಿದ್ದೆ. ಪಿನ್ ಪಕ್ಕ ಒಂದು ಬೆಂಕಿಕಡ್ಡಿ ತುರುಕೋದು. ಬಿಗಿಯಾಗಿ ನಿಲ್ತಿತ್ತು. ಊರಿಗೆ ಕೊಡುವಾಗ ಈ ವಿದ್ಯೆಯನ್ನೂ ಹೇಳಿಕೊಟ್ಟೆ, ನಗ್ತಾ. ಬ್ಯಾಟರಿ ಆಗಲೇ ಸತ್ತಿತ್ತು, ಹಾಗಾಗಿ ಅವಳಿಗೆ ಆ ಪಿನ್ನೇ ಜೀವ. ವೈರು ಒಂಚೂರು ಅಲುಗಿದರೆ ಪರದೆ ಕಪ್ಪು. ಪ್ರಾಜೆಕ್ಟ್ ರಿಪೋರ್ಟಿನ ಹನ್ನೆರಡು ಪುಟ ಹಾಗೇ ಒಂದು ಸಂಜೆ ಹೋಯ್ತಂತೆ. ಅವತ್ತಿನಿಂದ ನಿಮಿಷಕ್ಕೊಮ್ಮೆ ಸೇವ್ ಆಗೋ ಹಾಗೆ ಇಟ್ಟಿದ್ದಾಳೆ, ಆದರೂ ಬೆರಳು ತಾನಾಗೇ ಕಂಟ್ರೋಲ್ ಎಸ್ ಒತ್ತುತ್ತೆ.

ಈ ಸಲ ಹೋದಾಗ ಜ್ಯಾಕ್ ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕಡ್ಡಿಯ ತುದಿ ಕರಕಲು. (ಮದ್ದಿನ ತಲೆ ಮುರಿದೇ ಹಾಕ್ತಿದ್ವಿ, ಅಷ್ಟು ಬುದ್ಧಿ ಇತ್ತು.) ಲೆಕ್ಕ ಸಣ್ಣದು. ಇದರ ಚಾರ್ಜರ್ 65 ವ್ಯಾಟಿನದು, 19 ವೋಲ್ಟು, 3.42 ಆಂಪಿಯರ್. ಪಿನ್ ಸರಿಯಾಗಿ ಕೂರದ ಜಾಗದಲ್ಲಿ ಅರ್ಧ ಓಮ್ ಅಡ್ಡಿ ಇದ್ದರೂ, ಪೂರ್ತಿ ಕರೆಂಟ್ ಹರಿಯುವಾಗ ಹತ್ತಿರ ಹತ್ತಿರ ಆರು ವ್ಯಾಟ್ ಅಲ್ಲೇ ಬಿಸಿಯಾಗುತ್ತೆ. ಒಂದು ಸಣ್ಣ ಎಲ್‌ಇಡಿ ಬಲ್ಬಿಗೆ ಸಾಕಾಗೋ ವಿದ್ಯುತ್ತು, ಶೇಂಗಾ ಬೀಜದಷ್ಟು ಜಾಗದಲ್ಲಿ. ಪಕ್ಕದಲ್ಲಿ ಕಟ್ಟಿಗೆ. ರಾತ್ರಿ ಓದ್ತಾ ಓದ್ತಾ ಹುಡುಗಿ ಅದರ ಪಕ್ಕದಲ್ಲೇ ನಿದ್ದೆ ಮಾಡಿದ್ದು ಎಷ್ಟು ಸಲವೋ.

ಬಿಚ್ಚಿ ನೋಡಿದರೆ ಆ ಜ್ಯಾಕನ್ನ ಮದರ್‌ಬೋರ್ಡಿಗೆ ಬೆಸುಗೆ ಹಾಕೇ ಇರಲಿಲ್ಲ. ಒಂದು ಗಿಡ್ಡ ವೈರಿನ ತುದಿಯಲ್ಲಿ, ಕಿತ್ತು ಬೇರೆ ಹಾಕೋ ಹಾಗೆ ಇತ್ತು. ಎಸ್.ಪಿ. ರೋಡಿನಲ್ಲಿ ಆ ವೈರು ಮುನ್ನೂರು ರೂಪಾಯಿ. ಹಾಕೋಕೆ ಇಪ್ಪತ್ತು ನಿಮಿಷ. ಏಳು ವರ್ಷ ನನ್ನ ಹತ್ತಿರ ಇತ್ತು, ಎಸ್.ಪಿ. ರೋಡು ಮೆಟ್ರೋ ಹತ್ತಿದರೆ ಸಿಗುತ್ತೆ, ಮುನ್ನೂರು ರೂಪಾಯಿಗೆ ನಾವು ಎರಡು ಕಾಫಿ ಕುಡೀತೀವಿ. ನಾನು ಮಾಡಲಿಲ್ಲ. ಯಾಕೆ ಮಾಡಲಿಲ್ಲ? ಬೆಂಕಿಕಡ್ಡಿ ಕೆಲಸ ಮಾಡ್ತಿತ್ತಲ್ಲ.

ಮನೆಯಲ್ಲೇ ಮಾಡೋ ಇಂಥ ರಿಪೇರಿಗಳ ಬಗ್ಗೆ ನನ್ನ ತಕರಾರು ಇದೇ. ಕೆಟ್ಟ ರಿಪೇರಿ ಯಾವುದು ಅಂದ್ರೆ ಕೆಲಸ ಮಾಡದೇ ಇರೋದಲ್ಲ. ಸರಿಯಾದ ರಿಪೇರಿಯ ಅಗತ್ಯವನ್ನೇ ಮರೆಸಿಬಿಡೋವಷ್ಟು ಚೆನ್ನಾಗಿ ಕೆಲಸ ಮಾಡೋದು. ಬೋಲ್ಟು, ಕ್ಯಾಪ್ಸ್‌ಲಾಕ್, ಬಾಟಲಿ ಮುಚ್ಚಳ ಇವೆಲ್ಲ ಮುಂದಿನವರಿಗೆ ದಾರಿ ಬಿಟ್ಟಿವೆ. ಫೆವಿಕ್ವಿಕ್ಕು, ಬೆಂಕಿಕಡ್ಡಿ ದಾರಿ ಮುಚ್ಚಿವೆ. ಒಂದು ಅಂಟಿನಿಂದ, ಇನ್ನೊಂದು ಮರೆವಿನಿಂದ. ಒಳ್ಳೆಯ ಎರಡೂ ದೊಡ್ಡ ರಿಪೇರಿ ಊರಿನವು, ಕೆಟ್ಟ ಎರಡೂ ನನ್ನವು.

ಕಂಪನಿಗಳನ್ನ ಬಿಟ್ಟುಬಿಟ್ಟೆ ಅಂದುಕೋಬೇಡಿ, ಅಲ್ಲಿಗೇ ಬರ್ತಿದ್ದೀನಿ. ಹಳೆಯದನ್ನ ಊರಿಗೆ ಕೊಡೋ ಮುಂಚೆ, 2019ರಲ್ಲೇ, ಒಂದು ತೆಳ್ಳನೆಯದು ಕೊಂಡಿದ್ದೆ. ರಿವ್ಯೂಗಳಲ್ಲಿ ನಾಲ್ಕೂವರೆ ಸ್ಟಾರ್. ನಾಲ್ಕನೇ ವರ್ಷಕ್ಕೆ ಅದರ ಟಚ್‌ಪ್ಯಾಡ್ ಪೂರಿ ಉಬ್ಬಿದ ಹಾಗೆ ಮೇಲಕ್ಕೆದ್ದಿತು. ಒಳಗಿನ ಚಪ್ಪಟೆ ಲಿಥಿಯಂ ಬ್ಯಾಟರಿ ಅನಿಲ ತುಂಬಿ ಉಬ್ಬಿತ್ತು. ಹಾಗಾದಾಗ ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು, ತೆಗೆಸಬೇಕು. ತೆಗೆಸೋಕೆ ಹೋದರೆ ಅದನ್ನ ಅಂಟು ಹಾಕಿ ಕೂರಿಸಿದ್ದರು. ರ್‍ಯಾಮ್ ಬೋರ್ಡಿಗೇ ಬೆಸುಗೆ. 2014ರದ್ದರಲ್ಲಿ ತಳದ ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತೆ, ಮಕ್ಕಳೂ ತೆಗೀಬಹುದು. ಐದು ವರ್ಷದಲ್ಲಿ ವಿದ್ಯೆ ಮುಂದೆ ಹೋಯ್ತು, ಚಿಲಕ ಹೋಗಿ ಅಂಟು ಬಂತು. ಅಂದ್ರೆ ನಾನು ಹಿಂಜಿಗೆ ಫೆವಿಕ್ವಿಕ್ ಹಾಕಿದ್ದನ್ನೇ ಕಾರ್ಖಾನೆಯವರು ಮೊದಲ ದಿನವೇ ಮಾಡಿ ಕಳಿಸ್ತಿದ್ದಾರೆ, ತೆಳ್ಳಗಿದೆ ಅಂತ ನಮ್ಮಿಂದ ಹೆಚ್ಚು ದುಡ್ಡು ತಗೊಂಡು.

ಇದು ಬದಲಾಗದ ವಿಧಿಯೇನಲ್ಲ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನ ರಿಪೇರಿ ಮಾಡೋದು ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ನಮೂದಿಸಬೇಕು. ಬಳಸುವವರೇ ತೆಗೆದು ಬದಲಿಸೋ ಹಾಗೆ ಬ್ಯಾಟರಿ ಇರಬೇಕು ಅನ್ನೋ ಐರೋಪ್ಯ ಒಕ್ಕೂಟದ ನಿಯಮ 2027ರ ಫೆಬ್ರವರಿಯಿಂದ ಜಾರಿಗೆ ಬರುತ್ತೆ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆದಿದೆ. ಪೋರ್ಟಲ್ ಇರೋದು ಒಳ್ಳೇದೇ. ಆದರೆ ಅಂಗಡಿಯಲ್ಲಿ ಡಬ್ಬಿಯ ಮೇಲೆ ಅಂಕ ಇದ್ದರೆ ಕೊಳ್ಳುವಾಗಲೇ ಕಣ್ಣಿಗೆ ಬೀಳುತ್ತೆ. ರಿವ್ಯೂ ಮಾಡೋರು ಅದಕ್ಕೂ ಕಾಯಬೇಕಿಲ್ಲ. ಒಂದು ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಮುಚ್ಚಳ ಬಿಚ್ಚಿ ತೋರಿಸಲಿ, ಸಾಕು.

ಯಂತ್ರ ಗಟ್ಟಿ ಇದ್ದರೂ ಬೇರೆ ರೀತಿಯಲ್ಲಿ ಮುದಿ ಮಾಡಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡರೆ ಒಂದು ವರ್ಷ ಭದ್ರತೆಯ ಅಪ್‌ಡೇಟ್ ಕೊಡ್ತಾರೆ, ಆಮೇಲೆ ಅದೂ ಇಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರು ಮತ್ತು ಮುಂದಿನದು ಆಗಬೇಕು. ನಮ್ಮದು ನಾಲ್ಕನೇದು. ದೀಪಾವಳಿಯ ವಾರದ ಮುಂಚೆ ಭಾವನ ಬೋಲ್ಟುಗಳಿಗೆ ಏನೂ ಆಗಿರಲಿಲ್ಲ, ಆದರೂ ಯಂತ್ರಕ್ಕೆ ವಯಸ್ಸಾಯ್ತು ಅಂತ ಬಹಳ ದೂರದಿಂದ ಆದೇಶ ಬಂತು. ಈ ಸಲ ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಚೆನ್ನಾಗಿ ಓಡ್ತಿದೆ, ಕ್ಯಾಪ್ಸ್‌ಲಾಕ್ ಉಪಾಯ ಅಲ್ಲೂ ಎರಡು ಸಾಲಿನಲ್ಲಿ ಆಯ್ತು. ಆದರೆ ಬಿ.ಕಾಂ ಹುಡುಗಿಗೆ ಟ್ಯಾಲಿ ಬೇಕು, ಅದು ವಿಂಡೋಸಲ್ಲೇ ಓಡೋದು. ಹಾಗಾಗಿ ಹಳೇ ವಿಂಡೋಸನ್ನೂ ಒಂದು ಮೂಲೆಯಲ್ಲಿ, ಇಂಟರ್ನೆಟ್ ಇಲ್ಲದೆ, ಉಳಿಸಿದ್ದೀವಿ. ಲಿನಕ್ಸ್ ಹಾಕಿದರೆ ಎಲ್ಲ ಕಷ್ಟ ಪರಿಹಾರ ಅನ್ನೋ ಗೆಳೆಯರು ಟ್ಯಾಲಿ ಪ್ರಾಕ್ಟಿಕಲ್ ಪರೀಕ್ಷೆ ಬರೆದವರಲ್ಲ.

ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂತ ಕೊನೇ ಉಸಿರು ಎಳೀತಿತ್ತು, ಅದನ್ನೂ ಬದಲಿಸಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ತೀರಿಕೊಂಡ ಸುದ್ದಿ, ಖೊಟ್ಟಿಗ ಆಳ್ತಿದ್ದ ಸುದ್ದಿ ಇರೋ ಕ್ರಿ.ಶ. 967ರ ಶಾಸನ ಸಿಕ್ಕಿದ್ದು ಇದೇ ಕೊಳಗಲ್ಲಿನಲ್ಲಿ. ಸಾವಿರ ವರ್ಷದ ಆಚೆಗೂ ಓದೋಕೆ ಬಂತು. ಇಲ್ಲಿ ಹನ್ನೊಂದು ವರ್ಷಕ್ಕೆ ಡಿಗ್ರಿಯ ನೋಟ್ಸು ಉಳಿಸಿಕೊಳ್ಳೋಕೆ ರಾತ್ರಿಯೆಲ್ಲ ಕಾಪಿ ಮಾಡ್ತಾ ಕೂತಿದ್ವಿ.

ಆ ರಾತ್ರಿ ಕಾಪಿ ಆಗ್ತಾ ಇರುವಾಗಲೇ ಒಂದು ಮಾತು ಬಂತು. ಹೋದ ವರ್ಷ ನಾನು ಆ ಬೋಲ್ಟ್ ಹಾಕಿದ ಮುಚ್ಚಳದ ಫೋಟೋ ತೆಗೆದು ಆಫೀಸಿನ ಗುಂಪಿಗೆ ಹಾಕಿದ್ದೆ. ‘ಬಳ್ಳಾರಿ ಎಡಿಷನ್’ ಅಂತ ಬರೆದು. ಬಹಳ ಜನ ಮೆಚ್ಚಿದರು. ‘ಇದೇ ನಿಜವಾದ ಇಂಜಿನಿಯರಿಂಗ್’, ‘ಭಾರತಕ್ಕೆ ಬೇಕಾದ್ದು ಈ ಜುಗಾಡ್’ ಅಂತೆಲ್ಲ. ಆ ಖುಷಿಯಲ್ಲಿ ಅದನ್ನೇ ಮನೆಯವರ ಗುಂಪಿಗೂ ಕಳಿಸಿದ್ದೆ. ಈಗ ಅದನ್ನ ನೆನೆಸಿ ಮತ್ತೆ ನಕ್ಕೆ. ಅವಳು ನಗಲಿಲ್ಲ.

“ಮಾಮ, ಆ ಫೋಟೋ ತೆಗೆದುಬಿಡು.”

“ಯಾಕ? ನಿಮ್ಮಪ್ಪನ್ನ ಎಲ್ಲರೂ ಎಷ್ಟು ಹೊಗಳಿದ್ರು ಗೊತ್ತಾ.”

“ಹೊಗಳೋಕೇನು. ನಾನು ಅದನ್ನ ಕ್ಲಾಸಿಗೆ ತಗೊಂಡು ಹೋಗ್ತೀನಿ. ಪ್ರೆಸೆಂಟೇಷನ್ ದಿನ ಬೋಲ್ಟು ಕಾಣಬಾರದು ಅಂತ ಹಿಂದಿನ ಬೆಂಚಿಂದ ಕೊಟ್ಟೀನಿ. ಅಪ್ಪ ಜಾಣ ಅಂತ ಮಾಡಿದ್ದಲ್ಲ ಅದು, ಹೊಸಾದು ತರಕ್ಕೆ ದುಡ್ಡಿರಲಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, “ನೀನು ಕೊಟ್ಟಾಗಲೇ ಅದು ಮುರಿದಿತ್ತಲ್ಲ ಮಾಮ.”

ಕೋಪದಿಂದ ಹೇಳಿದ್ದಲ್ಲ. ಇದ್ದದ್ದನ್ನ ಹೇಳಿದ್ದು. ಫೋಟೋ ಅಳಿಸಿದೆ.

ಜುಗಾಡ್ ಹೊಗಳೋದು ನಮ್ಮಂಥವರಿಗೆ ಸಲೀಸು. ನಾವು ಅದನ್ನ ಆರಿಸಿಕೊಳ್ತೀವಿ, ಬೇಸರ ಆದರೆ ಬಿಟ್ಟು ಇಎಂಐ ಮೇಲೆ ಹೊಸದು ತರ್ತೀವಿ. ಅವರಿಗೆ ಬಿಡೋ ಆಯ್ಕೆ ಇಲ್ಲ. ಭಾವನ ಕೈಗೆಲಸ ದೊಡ್ಡದು ಅಂತ ಈಗಲೂ ಹೇಳ್ತೀನಿ, ಅವರ ಎದುರಿಗೇ ಹೇಳಿದ್ದೀನಿ. ಆದರೆ ಅದನ್ನ ಹೊಗಳ್ತಾ ನಾನು ಮುಚ್ಚಿಕೊಂಡದ್ದು ಏನು ಅಂತಲೂ ಈಗ ಗೊತ್ತಾಗಿದೆ. ನಾನು ಕೊಟ್ಟದ್ದು ಲ್ಯಾಪ್‌ಟಾಪ್ ಒಂದೇ ಅಲ್ಲ, ಮಾಡದೇ ಬಿಟ್ಟಿದ್ದ ರಿಪೇರಿಗಳ ಬಾಕಿಯನ್ನೂ ಸೇರಿಸಿ ಕೊಟ್ಟೆ. ತೀರಿಸಿದವರು ಅವರು. ಚಪ್ಪಾಳೆ ನನಗೆ.

ಬೆಂಗಳೂರಲ್ಲಿ ಪ್ರತಿ ಮನೆಯ ಅಟ್ಟದಲ್ಲೂ ಊರಿಗೆ ಕಳಿಸಬೇಕಾದ ಒಂದು ಹಳೇ ಲ್ಯಾಪ್‌ಟಾಪ್ ಇದ್ದೇ ಇರುತ್ತೆ. ತಮ್ಮನಿಗೋ, ಕೆಲಸದ ಅಮ್ಮನ ಮಗನಿಗೋ ಅಂತ ಎತ್ತಿಟ್ಟಿರ್ತೀವಿ. ಕಳಿಸಿ, ಖಂಡಿತ ಕಳಿಸಿ. ಕಳಿಸೋ ಮುಂಚೆ ಒಂದು ಶನಿವಾರ ಅದಕ್ಕೆ ಕೊಡಿ. ನನ್ನ ಲೆಕ್ಕ ಇಲ್ಲಿದೆ: ಜ್ಯಾಕ್ ಮುನ್ನೂರು, 256 ಜಿಬಿ ಎಸ್‌ಎಸ್‌ಡಿ ಸಾವಿರದ ಒಂಬೈನೂರು, ಇನ್ನೊಂದು ನಾಲ್ಕು ಜಿಬಿ ರ್‍ಯಾಮ್ ಒಂಬೈನೂರು, ಬ್ಯಾಟರಿ ಸಾವಿರದ ಏಳುನೂರು. ಒಟ್ಟು ನಾಲ್ಕು ಸಾವಿರದ ಎಂಟುನೂರು. ಸತ್ತ ಬ್ಯಾಟರಿ ಒಡೆದು ಒಳಗಿನ ಸೆಲ್ ಬದಲಿಸೋ ವಿಡಿಯೋಗಳು ಸಿಗ್ತವೆ, ನೋಡಿ ಮರುಳಾಗಬೇಡಿ. ಭಾವನ ಗೆಳೆಯರೊಬ್ಬರು ಅದಕ್ಕೂ ತಯಾರಾಗಿದ್ದರು, ಕೈ ಮುಗಿದು ಬೇಡ ಅಂದೆ. ಅದೊಂದು ಮಾತ್ರ ಮನೆಯಲ್ಲಿ ಮಾಡೋ ಕೆಲಸ ಅಲ್ಲ. ಹಳೇ ಬ್ಯಾಟರಿಯನ್ನ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ರಿವ್ಯೂ ಅಂದ ಮೇಲೆ ಸ್ಟಾರ್ ಕೊಡಬೇಕಲ್ಲ. ಯಂತ್ರಕ್ಕೆ ನಾಲ್ಕು, ಯಾಕಂದ್ರೆ ಬಿಚ್ಚೋಕೆ ಬಿಟ್ಟಿತು. ಭಾವನ ಬೋಲ್ಟಿಗೆ ಐದು. ಮೊದಲ ಮಾಲೀಕನಿಗೆ ಎಷ್ಟು ಅಂತ ಅವಳನ್ನೇ ಕೇಳಿದೆ. “ಈಗ ಚಾರ್ಜ್ ನಿಲ್ತೈತಲ್ಲ ಮಾಮ, ಬಿಡು,” ಅಂದಳು.

ಹೊರಡೋ ದಿನ ಭಾವ ಮುಚ್ಚಳದ ಬೆನ್ನಿಗೆ ಒಂದು ಡೆನಿಮ್ ಕವರ್ ಹೊಲಿದು ಕೊಟ್ಟರು, ಯುನಿಟ್‌ನಲ್ಲಿ ಉಳಿದ ತುಂಡು ಬಟ್ಟೆಯದು. ಬೋಲ್ಟು ಕಾಣಲ್ಲ. ಮೂಲೆಗಳಿಗೆ ರಿವೆಟ್ ಹೊಡೆದಿದ್ದಾರೆ.